ಸ್ವರ ಕೆಡದ ಹಾಗೆ ಪ್ಲಗ್‌ಇನ್

ಹಾಡು ಧ್ವನಿಮುದ್ರಿಸುವ ಸಾಫ್ಟ್‌ವೇರಿನ ಒಳಗೆ ಸೇರಿಕೊಂಡು ಕೆಲಸ ಮಾಡುವ ಸಣ್ಣ ಪ್ರೋಗ್ರಾಮಿಗೆ ಪ್ಲಗ್‌ಇನ್ ಎನ್ನುತ್ತಾರೆ. ಕ್ಯೂಬೇಸ್, ರೀಪರ್, ಲಾಜಿಕ್, ಪ್ರೊ ಟೂಲ್ಸ್ ಮೊದಲಾದ ಮುಖ್ಯ ಸಾಫ್ಟ್‌ವೇರುಗಳಲ್ಲಿ ಗಾಯನಕ್ಕೊಂದು, ತಬಲಾಕ್ಕೊಂದು, ಡಗ್ಗಾಕ್ಕೊಂದು, ಹಾರ್ಮೋನಿಯಮ್ಮಿಗೊಂದು ಎಂದು ಬೇರೆ ಬೇರೆ ಟ್ರ್ಯಾಕುಗಳಿರುತ್ತವೆ. ಪ್ಲಗ್‌ಇನ್ ಅನ್ನು ಒಂದು ಟ್ರ್ಯಾಕಿನ ಮೇಲೆ ಕೂರಿಸಿದರೆ ಅದರ ಮೂಲಕ ಹಾಯ್ದುಬರುವ ಧ್ವನಿ ಬದಲಾಗುತ್ತದೆ. ಗದ್ದಲ ಕಡಿಮೆಯಾಗಬಹುದು, ತೆಳ್ಳಗಿದ್ದ ದನಿ ತುಂಬಿಕೊಳ್ಳಬಹುದು, ಚಿಕ್ಕ ಕೋಣೆಯಲ್ಲಿ ಹಾಡಿದ್ದು ದೊಡ್ಡ ಸಭಾಗೃಹದಲ್ಲಿ ಹಾಡಿದಂತೆ ಕೇಳಿಸಬಹುದು. ಹೀಗೆ ಟ್ರ್ಯಾಕುಗಳನ್ನು ಒಂದಕ್ಕೊಂದು ಹೊಂದಿಸಿ ಎಡ–ಬಲ ಎರಡು ಚಾನೆಲಿನ ಒಂದು ಹಾಡಾಗಿಸುವ ಕೆಲಸ ಮಿಕ್ಸಿಂಗ್. ಆ ಹಾಡನ್ನು ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಹಂತ ಮಾಸ್ಟರಿಂಗ್.

ಈ ಕೆಲಸಗಳನ್ನೆಲ್ಲ ಮೊದಲು ಮಾಡುತ್ತಿದ್ದುದು ಯಂತ್ರಗಳು. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತಯಾರಾದ ಫೇರ್‌ಚೈಲ್ಡ್ 670 ಎಂಬ ಕಂಪ್ರೆಸರಿನಲ್ಲಿ 20 ವಾಲ್ವುಗಳಿದ್ದವು, ತೂಕ ಸುಮಾರು 30 ಕಿಲೋ. ಅಂಥ ಯಂತ್ರ ದೊಡ್ಡ ಕಂಪನಿಯ ಸ್ಟುಡಿಯೋಗೆ ಮಾತ್ರ ಎಟಕುತ್ತಿತ್ತು. 1992ರಲ್ಲಿ ಇಸ್ರೇಲಿನ ವೇವ್ಸ್ ಕಂಪನಿ ಕ್ಯೂ10 ಎಂಬ ಇಕ್ಯೂ ಪ್ಲಗ್‌ಇನ್ ಹೊರತಂದಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಮಾದರಿಯನ್ನು ರೂಪಿಸಿ, ಬೇರೆ ಕಂಪನಿಗಳೂ ಅದರ ಪ್ರಕಾರ ಪ್ಲಗ್‌ಇನ್ ಬರೆಯಲು ಅವಕಾಶ ಕೊಟ್ಟಿತು. ಮಾಮೂಲಿ ಕಂಪ್ಯೂಟರ್ ಇದ್ದವರಿಗೆಲ್ಲ ಸ್ಟುಡಿಯೋದ ಬಾಗಿಲು ತೆರೆದದ್ದು ಅಲ್ಲಿಂದ.

ಹುಬ್ಬಳ್ಳಿ–ಧಾರವಾಡದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಮೊದಲ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ ಬಂದವು, ಅದೂ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ. ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷ ಹಿಡಿಯುವ ಆ ತಟ್ಟೆಗಳಿಗಾಗಿ ಇಲ್ಲಿನ ಗಾಯಕರು ಕಂಪನಿ ಇದ್ದಲ್ಲಿಗೆ ಹೋಗಬೇಕಿತ್ತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಊರಲ್ಲೇ ಒಳ್ಳೆಯ ಸ್ಟುಡಿಯೋ ಆಯಿತು. ಈಗ ಒಂದು ಕಂಪ್ಯೂಟರ್, ಒಂದು ಆಡಿಯೋ ಇಂಟರ್‌ಫೇಸ್, ಎರಡು ಮೈಕ್ ಇದ್ದರೆ ಈ ಎರಡು ಊರುಗಳ ನಡುವಿನ ಅಮರಗೋಳದ ಮನೆಯೊಂದರ ಕೋಣೆಯಲ್ಲೇ ಖ್ಯಾಲನ್ನೂ ಶರೀಫರ ತತ್ವಪದವನ್ನೂ ಜಾನಪದ ಗೀತೆಯನ್ನೂ ಮುದ್ರಿಸಿ ಯೂಟ್ಯೂಬಿಗೆ ಏರಿಸಬಹುದು. ಸಲಕರಣೆಯ ಕೊರತೆ ಈಗಿಲ್ಲ. ಕೊರತೆ ಇರುವುದು ಬೇರೆ ಕಡೆ. ಪ್ಲಗ್‌ಇನ್‌ಗಳ ಜೊತೆ ಬರುವ ಸಿದ್ಧ ಸೆಟ್ಟಿಂಗುಗಳು, ಅಂದರೆ ಪ್ರಿಸೆಟ್‌ಗಳು, ಬಹುತೇಕ ಪಾಶ್ಚಾತ್ಯ ಪಾಪ್ ಮತ್ತು ರಾಕ್ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ತಂಬೂರಿ, ತಬಲಾ, ಮೀಂಡು ಅವುಗಳ ಲೆಕ್ಕದಲ್ಲಿಲ್ಲ. ಆ ಪ್ರಿಸೆಟ್‌ಗಳನ್ನು ಇದ್ದಂತೆಯೇ ಹಾಕಿದರೆ ಎಲ್ಲಿ ಏನು ಕೆಡುತ್ತದೆ ಎಂದು ಹಂತ ಹಂತವಾಗಿ ತಿಳಿದುಕೊಳ್ಳುವುದು ಈ ಸೀಮೆಯ ಸಂಗೀತ ಮುದ್ರಿಸುವವರಿಗೆ ಬಹಳ ಅಗತ್ಯ.

ಮೊದಲ ಕೆಲಸ ಶುಚಿಗೊಳಿಸುವುದು. ಅಮರಗೋಳದ ಒಂದು ಮಗ್ಗುಲಿಗೆ ರೈಲು ಹಳಿ, ಇನ್ನೊಂದು ಮಗ್ಗುಲಿಗೆ ಹುಬ್ಬಳ್ಳಿ–ಧಾರವಾಡದ ಹೆದ್ದಾರಿ. ಎಪಿಎಂಸಿ ಯಾರ್ಡಿಗೆ ಬಂದುಹೋಗುವ ಲಾರಿಗಳ ಸದ್ದು ಬೇರೆ. ಇವುಗಳ ಗುಡುಗುಡು ಹೆಚ್ಚಾಗಿ 100 ಹರ್ಟ್ಸ್‌ಗಿಂತ ಕೆಳಗೆ ಇರುತ್ತದೆ. ಅದನ್ನು ತೆಗೆಯಲು, ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿನ ಆವರ್ತನಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕುವುದು ರೂಢಿ. ಗಾಯನದ ಪ್ರಿಸೆಟ್‌ಗಳಲ್ಲಿ ಈ ಫಿಲ್ಟರು ಹಲವು ಬಾರಿ 100 ಹರ್ಟ್ಸ್‌ಗೇ ನಿಂತಿರುತ್ತದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಪಂಚಮ 104, ಮಂದ್ರ ಷಡ್ಜ 69. ಗಾಯಕ ಮಂದ್ರಕ್ಕೆ ಇಳಿದು ರಾಗದ ನೆಲೆ ಹುಡುಕುವ ಹೊತ್ತಿಗೆ ಫಿಲ್ಟರು ದನಿಯ ಬುಡವನ್ನೇ ಸವರಿಬಿಡುತ್ತದೆ. ಅಂಥ ಗಾಯನಕ್ಕೆ ಫಿಲ್ಟರನ್ನು 60ರ ಆಚೀಚೆ ಇಟ್ಟು, ಲಾರಿ ಹೋದ ಜಾಗವನ್ನಷ್ಟೇ ಪ್ರತ್ಯೇಕವಾಗಿ ಸರಿಪಡಿಸುವುದು ಉತ್ತಮ. ಡಗ್ಗಾದ ಗುಮುಕು ಕೂಡ ಇದೇ ಕೆಳಸ್ತರದಲ್ಲಿ ಇರುವುದರಿಂದ ಅದರ ಟ್ರ್ಯಾಕಿಗೂ ಇದೇ ಮಾತು ಅನ್ವಯ.

ವಿದ್ಯುತ್ ತಂತಿಯಿಂದ ಬರುವ ಗುಂಯ್ ಸದ್ದಿನದು ಇನ್ನೊಂದು ಬಗೆ. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಆದ್ದರಿಂದ ಅರ್ಥಿಂಗ್ ಸರಿಯಿಲ್ಲದ ಕಡೆ 50, 100, 150 ಹರ್ಟ್ಸ್‌ಗಳಲ್ಲಿ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಹಮ್ ತೆಗೆಯುವ ಪ್ಲಗ್‌ಇನ್ ಆಯಾ ಜಾಗಗಳಲ್ಲಿ ಕಿರಿದಾದ ಕಾಲುವೆ ತೋಡಿದಂತೆ ಧ್ವನಿಯನ್ನು ಕತ್ತರಿಸುತ್ತದೆ. ಬಿಳಿ ಒಂದರ ಶ್ರುತಿಯಲ್ಲಿ ತಂಬೂರಿಯ ಪಂಚಮದ ತಂತಿ 98 ಹರ್ಟ್ಸ್. ಕತ್ತರಿಸುವ ಅಗಲ ತುಸು ಹೆಚ್ಚಾದರೂ ಆ ತಂತಿಯ ಮೂಲಸ್ವರ ಗುಂಯ್ ಸದ್ದಿನ ಜೊತೆಗೇ ಹೋಗುತ್ತದೆ. ಅಗಲವನ್ನು ಒಂದೆರಡು ಹರ್ಟ್ಸ್‌ಗೆ ಸೀಮಿತಗೊಳಿಸಬೇಕು. ಅದಕ್ಕಿಂತ ಮೊದಲು ಅರ್ಥಿಂಗ್ ಸರಿಪಡಿಸಬೇಕು.

ನಾಯ್ಸ್ ರಿಡಕ್ಷನ್ ಪ್ಲಗ್‌ಇನ್ ಬಳಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಈ ಬಗೆಯ ಹಲವು ಪ್ಲಗ್‌ಇನ್‌ಗಳು ಹಾಡು ಶುರುವಾಗುವ ಮುಂಚಿನ ಒಂದೆರಡು ಸೆಕೆಂಡನ್ನು ಕೇಳಿ, ಒಂದೇ ಸಮನೆ ಇರುವ ಸದ್ದನ್ನು ಗದ್ದಲವೆಂದು ಗುರುತಿಸಿ, ಇಡೀ ಟ್ರ್ಯಾಕಿನಿಂದ ಕಳೆಯುತ್ತವೆ. ಫ್ಯಾನಿನ ಸದ್ದಿಗೆ ಇದು ಒಳ್ಳೆಯ ಉಪಾಯ. ಆದರೆ ಒಂದೇ ಸಮನೆ ನುಡಿಯುವುದೇ ತಂಬೂರಿಯ ಧರ್ಮ. ಮಾದರಿಗೆ ಆರಿಸಿದ ಆ ಎರಡು ಸೆಕೆಂಡಿನಲ್ಲಿ ತಂಬೂರಿ ಮೀಟುತ್ತಿದ್ದರೆ ಪ್ಲಗ್‌ಇನ್ ಅದನ್ನೂ ಕಸವೆಂದು ಬಗೆಯುತ್ತದೆ. ಹಾಡಿನುದ್ದಕ್ಕೂ ಶ್ರುತಿ ನೀರೊಳಗಿಂದ ಬಂದಂತೆ ಕೇಳಿಸುವುದಕ್ಕೆ ಅನೇಕ ಮುದ್ರಣಗಳಲ್ಲಿ ಇದೇ ಕಾರಣ. ತಂಬೂರಿಗೆ ಕೈ ಹಚ್ಚುವ ಮುಂಚೆ ಐದಾರು ಸೆಕೆಂಡು ಬರಿಯ ಕೋಣೆಯ ಸದ್ದನ್ನು ಮುದ್ರಿಸಿಕೊಂಡರೆ ಈ ತೊಂದರೆಯೇ ಬರುವುದಿಲ್ಲ.

ಶುಚಿಯಾದ ಮೇಲೆ ಇಕ್ಯೂ. ಧ್ವನಿಯ ಕೆಳಗಿನ, ನಡುವಿನ, ಮೇಲಿನ ಆವರ್ತನಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪ್ಲಗ್‌ಇನ್ ಇದು. ತಬಲಾದ ವಿಷಯಕ್ಕೆ ಬಂದರೆ ಸಿ.ವಿ. ರಾಮನ್ ಅವರನ್ನು ನೆನೆಯಬೇಕು. ನಡುವಿನ ಕಪ್ಪು ಶಾಯಿಯಿಂದಾಗಿ ತಬಲಾ, ಮೃದಂಗಗಳ ಉಪಸ್ವರಗಳು ತಂತಿವಾದ್ಯದ ಹಾಗೆ ಕ್ರಮಬದ್ಧವಾಗಿರುತ್ತವೆ ಎಂದು ಅವರು 1920ರಲ್ಲೇ ತೋರಿಸಿದರು. ಬೇರೆ ಬಹಳಷ್ಟು ಚರ್ಮವಾದ್ಯಗಳಲ್ಲಿ ಆ ಕ್ರಮವಿಲ್ಲ. ಹಾಗಾಗಿ ಪಾಶ್ಚಾತ್ಯ ಡ್ರಮ್ಮಿಗೆಂದು ಮಾಡಿದ ಪ್ರಿಸೆಟ್‌ಗಳಲ್ಲಿ ಹಲವು, ಪೆಟ್ಟಿನ ನಂತರ ಉಳಿಯುವ ನಾದವನ್ನು ಬೇಡದ್ದೆಂದು ತೆಗೆದು ಪೆಟ್ಟನ್ನಷ್ಟೇ ಉಳಿಸುತ್ತವೆ. ಷಡ್ಜಕ್ಕೆ ಸುತ್ತಿಗೆಯಿಂದ ಕೂಡಿಸಿದ ತಬಲಾಕ್ಕೆ ಹೀಗೆ ಮಾಡಿದರೆ ಕಲಾವಿದ ಅರ್ಧ ತಾಸು ಶ್ರುತಿ ಮಾಡಿಕೊಂಡದ್ದೆಲ್ಲ ವ್ಯರ್ಥ. ತಬಲಾಕ್ಕೆ ‘ಡ್ರಮ್ಸ್’ ಪ್ರಿಸೆಟ್ ಹಾಕಲೇಬಾರದು. ತಂಬೂರಿಯದು ಬೇರೆ ಮಾತು. ಅದರ ಜವಾರಿಯ ಹೊಳಪು ಮೇಲಿನ ಉಪಸ್ವರಗಳಲ್ಲಿದೆ, ಮಾತಿಗೆ ಸ್ಪಷ್ಟತೆ ಕೊಡುವ ವ್ಯಂಜನಗಳೂ ಅಲ್ಲಿಯೇ ಇವೆ. ಗಾಯನ ಸ್ಪಷ್ಟವಾಗಲೆಂದು 3000 ಹರ್ಟ್ಸ್ ಸುತ್ತ ದನಿಯನ್ನು ಏರಿಸುವ ಬದಲು, ಅದೇ ಜಾಗದಲ್ಲಿ ತಂಬೂರಿಯನ್ನು ಒಂದೆರಡು ಡೆಸಿಬೆಲ್ ಇಳಿಸಿದರೆ ಎರಡೂ ನಿರಾಯಾಸವಾಗಿ ಕೇಳಿಸುತ್ತವೆ.

ಕಂಪ್ರೆಸರ್ ಮಾಡುವುದು ಜೋರಿನ ಜಾಗವನ್ನು ತಗ್ಗಿಸಿ ಮೆಲ್ಲಗಿನ ಜಾಗಕ್ಕೆ ಹತ್ತಿರ ತರುವ ಕೆಲಸ. ಅನುಪಾತ 4ಕ್ಕೆ 1 ಎಂದಿದ್ದರೆ, ಗೊತ್ತುಮಾಡಿದ ಗಡಿಗಿಂತ 8 ಡೆಸಿಬೆಲ್ ಮೇಲೆ ಹೋದ ದನಿ 2 ಡೆಸಿಬೆಲ್ ಮಾತ್ರ ಮೇಲಿರುತ್ತದೆ. ಮೈಕಿನ ಮುಂದೆ ಅತ್ತಿತ್ತ ವಾಲುತ್ತ ಹಾಡುವ ಜಾನಪದ ಗಾಯಕರಿಗೆ ಇದು ನಿಜಕ್ಕೂ ಉಪಕಾರಿ. ಖ್ಯಾಲಿಗೆ ಅಷ್ಟು ಬೇಡ. ವಿಲಂಬಿತದ ಮೆಲುದನಿಯಿಂದ ಸಾಗಿ ಕೊನೆಗೆ ತಾನುಗಳ ಭರಕ್ಕೆ ಏರುವ ಆ ಏರಿಕೆಯೇ ಗಾಯನದ ಕಟ್ಟಡ. ಅನುಪಾತ 2ಕ್ಕೆ 1, ಕಡಿತ 3 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು. ಉಳಿದದ್ದನ್ನು ಕೈಯಿಂದ, ಅಂದರೆ ಫೇಡರಿನ ಆಟೋಮೇಷನ್ನಿನಿಂದ ಸರಿಪಡಿಸಬಹುದು. ಸಮಯ ಹಿಡಿಯುತ್ತದೆ, ಆದರೆ ಸಂಗೀತ ಬಲ್ಲವರು ಮಾಡುವ ಕೆಲಸ ಅದು. ತಬಲಾದ ‘ನಾ’ ಬೋಲಿನ ಮೊನಚು ಮೊದಲ ಕೆಲವು ಮಿಲಿಸೆಕೆಂಡಿನಲ್ಲೇ ಇರುವುದರಿಂದ ಕಂಪ್ರೆಸರಿನ ಅಟ್ಯಾಕ್, ಅಂದರೆ ಅದು ದನಿಯನ್ನು ತಗ್ಗಿಸಲು ತೆಗೆದುಕೊಳ್ಳುವ ಸಮಯ, 20ರಿಂದ 30 ಮಿಲಿಸೆಕೆಂಡು ಇರಲಿ. ಒಂದೇ ಮಿಲಿಸೆಕೆಂಡಿಗೆ ಇಟ್ಟರೆ ಬೆರಳಿನ ಪೆಟ್ಟು ಬಟ್ಟೆ ಸುತ್ತಿದಂತೆ ಮಂಕಾಗುತ್ತದೆ.

ಹಿಂದುಸ್ತಾನಿ ಸಂಗೀತಕ್ಕೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಬಲ್ಲ ಪ್ಲಗ್‌ಇನ್ ಎಂದರೆ ಸ್ವರ ತಿದ್ದುವ ಆಟೋಟ್ಯೂನ್ ಮತ್ತು ಅದರ ಬಳಗ. ಇದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲನಿಕ್ಷೇಪ ಹುಡುಕಲು ಭೂಮಿಯೊಳಗೆ ಹಾಯಿಸಿದ ತರಂಗಗಳನ್ನು ವಿಶ್ಲೇಷಿಸುತ್ತಿದ್ದವರು. ಅದೇ ಗಣಿತವನ್ನು ಮನುಷ್ಯನ ದನಿಗೆ ಅನ್ವಯಿಸಿ 1997ರಲ್ಲಿ ಆಟೋಟ್ಯೂನ್ ತಂದರು. ಹಾಡಿದ ಸ್ವರ ಎಲ್ಲಿದೆ ಎಂದು ಅಳೆದು, ಹತ್ತಿರದ ‘ಸರಿಯಾದ’ ಸ್ವರಕ್ಕೆ ಅದು ಎಳೆದು ಕೂರಿಸುತ್ತದೆ. ತೊಡಕಿರುವುದು ಯಾವುದು ಸರಿ ಎಂಬಲ್ಲಿ. ಪ್ಲಗ್‌ಇನ್ ತಾನಾಗಿ ಹಿಡಿಯುವುದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋದ ಲೆಕ್ಕ. ಸ್ವರಗಳ ಅಂತರವನ್ನು ಅಳೆಯುವ ಸೆಂಟ್ಸ್ ಎಂಬ ಸೂಕ್ಷ್ಮ ಮಾನದಲ್ಲಿ ಹೇಳುವುದಾದರೆ, ಅಲ್ಲಿ ಷಡ್ಜದಿಂದ ಶುದ್ಧ ಗಾಂಧಾರ 400 ಸೆಂಟ್ಸ್ ಮೇಲಿದೆ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರ ಇರುವುದು 386ರಲ್ಲಿ. ಗಾಯಕ ತಂಬೂರಿಗೆ ಕಿವಿಗೊಟ್ಟು 386ಕ್ಕೆ ನಿಲ್ಲಿಸಿದ ಗಾಂಧಾರವನ್ನು ಪ್ಲಗ್‌ಇನ್ 14 ಸೆಂಟ್ಸ್ ಮೇಲಕ್ಕೆ ನೂಕುತ್ತದೆ. ಕಪ್ಪು ಒಂದರ ಶ್ರುತಿಯಲ್ಲಿ ತಂಬೂರಿಯ ಆ ಉಪಸ್ವರ 693 ಹರ್ಟ್ಸ್, ಪ್ಲಗ್‌ಇನ್ ಕೂರಿಸಿದ್ದು 698. ಇವೆರಡೂ ಸೇರಿದಾಗ ಸೆಕೆಂಡಿಗೆ ಐದಾರು ಸಲ ನಾದ ಅದುರುತ್ತದೆ. ಬೇಸುರವನ್ನು ತಿದ್ದಲು ಹಾಕಿದ್ದು ಸುರಿನಲ್ಲಿದ್ದುದನ್ನೇ ಬೇಸುರ ಮಾಡಿದಂತಾಯಿತು.

ಮೀಂಡು, ಆಂದೋಲನಗಳ ಸ್ಥಿತಿ ಇನ್ನೂ ಕಷ್ಟ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡನ್ನು ಪ್ಲಗ್‌ಇನ್ ಮೆಟ್ಟಿಲುಗಳಾಗಿ ಒಡೆಯುತ್ತದೆ. ಭೈರವದ ಕೋಮಲ ರಿಷಭ, ದರಬಾರಿ ಕಾನಡಾದ ಕೋಮಲ ಗಾಂಧಾರ ಒಂದೆಡೆ ನಿಲ್ಲುವ ಸ್ವರಗಳೇ ಅಲ್ಲ, ತೂಗುತ್ತ ನಿಲ್ಲುವ ಸ್ವರಗಳು. ಆ ತೂಗಾಟವನ್ನು ಯಂತ್ರ ದೋಷವೆಂದು ಎಣಿಸಿ ಅಳಿಸುತ್ತದೆ. ಸ್ವರವನ್ನು ತಕ್ಷಣವೇ ಎಳೆದು ಕೂರಿಸುವಂತೆ ರೀಟ್ಯೂನ್ ಸ್ಪೀಡನ್ನು ಸೊನ್ನೆಗಿಟ್ಟು ದರಬಾರಿ ಹಾಡಿಸಿದರೆ ಉಳಿಯುವುದು ಸ್ವರಗಳ ಪಟ್ಟಿ, ರಾಗವಲ್ಲ. ತೀರ ಅಗತ್ಯಬಿದ್ದರೆ ಮೆಲೊಡೈನ್‌ನಂಥ ಪ್ಲಗ್‌ಇನ್‌ನಲ್ಲಿ ತಪ್ಪಿದ ಆ ಒಂದೇ ಸ್ವರವನ್ನು ಆರಿಸಿ, ಕಿವಿಯಿಂದ ಕೇಳುತ್ತ, ತಂಬೂರಿಗೆ ಹೊಂದುವಷ್ಟು ಮಾತ್ರ ಸರಿಸಬಹುದು. ಹಾರ್ಮೋನಿಯಂ ಜೊತೆ ಹಾಡಿದ ಭಜನಾಪದಕ್ಕೆ ತುಸು ಸಡಿಲಿಕೆ ಇದೆ, ಏಕೆಂದರೆ ಆ ವಾದ್ಯದ ಸ್ವರಗಳು ಮೊದಲೇ ಗೊತ್ತಾದ ಜಾಗದಲ್ಲಿ ಕೂತಿರುತ್ತವೆ. ಆದರೂ ಪ್ಲಗ್‌ಇನ್‌ಗೆ ಷಡ್ಜ ಯಾವುದು, ಯಾವ ಸ್ವರಗಳು ಇವೆ ಎಂದು ಹೇಳಿಕೊಡದೆ ಬಳಸಬಾರದು. ಡಿಜೆ ಹಾಡುಗಳಲ್ಲಿ ಆಟೋಟ್ಯೂನಿನ ಲೋಹದಂಥ ದನಿಯನ್ನು ಬೇಕೆಂದೇ ಇಡುತ್ತಾರೆ. ಅದು ಆ ಪ್ರಕಾರದ ರುಚಿ, ಅದರಲ್ಲಿ ತಪ್ಪಿಲ್ಲ.

ರಿವರ್ಬ್ ಧ್ವನಿಗೆ ಜಾಗ ಕೊಡುತ್ತದೆ. ಹತ್ತು–ಹನ್ನೆರಡು ಅಡಿ ಕೋಣೆಯಲ್ಲಿ ಮೈಕಿಗೆ ಹತ್ತಿರ ಕೂತು ಹಾಡಿದ ದನಿ ಒಣಗಿದಂತಿರುತ್ತದೆ, ರಿವರ್ಬ್ ಅದಕ್ಕೆ ಅನುರಣನ ಸೇರಿಸುತ್ತದೆ. ಇದರಲ್ಲಿ ಎರಡು ಬಗೆ. ಒಂದು, ಅನುರಣನವನ್ನು ಲೆಕ್ಕದಿಂದ ಕಟ್ಟುವುದು. ಇನ್ನೊಂದು ಕನ್ವಲ್ಯೂಷನ್: ನಿಜವಾದ ಒಂದು ಸ್ಥಳದಲ್ಲಿ ಬಲೂನು ಒಡೆದೋ, ಕೆಳಸ್ತರದಿಂದ ಮೇಲಕ್ಕೆ ಏರುವ ಪರೀಕ್ಷಾಧ್ವನಿ ನುಡಿಸಿಯೋ ಅಲ್ಲಿನ ಪ್ರತಿಧ್ವನಿಯನ್ನು ಮುದ್ರಿಸಿಕೊಂಡು ಅದನ್ನೇ ಹಾಡಿಗೆ ಅನ್ವಯಿಸುವುದು. ಪ್ಲಗ್‌ಇನ್‌ಗಳ ಜೊತೆ ಬರುವ ಇಂಥ ಸಂಗ್ರಹಗಳಲ್ಲಿ ಯುರೋಪಿನ ಚರ್ಚುಗಳು, ಸಂಗೀತ ಭವನಗಳು ಬೇಕಾದಷ್ಟಿವೆ. ಅಮರಗೋಳದಲ್ಲೇ ಚಾಲುಕ್ಯ ಶೈಲಿಯ ಬನಶಂಕರಿ ಗುಡಿ ಇದೆ, ಶಂಕರಲಿಂಗನ ಗುಡಿ ಇದೆ. ಸಂಬಂಧಪಟ್ಟವರ ಅನುಮತಿ ಪಡೆದು, ಗದ್ದಲವಿಲ್ಲದ ಹೊತ್ತಿನಲ್ಲಿ ಒಳಗಿನ ಪ್ರತಿಧ್ವನಿಯನ್ನು ಮುದ್ರಿಸಿದರೆ ಈ ಊರಿನ ಹಾಡಿಗೆ ಈ ಊರಿನ ಕಲ್ಲಿನದೇ ಅನುರಣನ ಸಿಗುತ್ತದೆ. ಬೇಕಾಗುವುದು ಒಂದು ಒಳ್ಳೆಯ ರೆಕಾರ್ಡರು, ಒಂದು ಸ್ಪೀಕರು, ಅರ್ಧ ದಿನದ ಕೆಲಸ. ಮಾಡಿನೋಡಲು ಇದಕ್ಕಿಂತ ಚೆಂದದ ಕೆಲಸ ಇಲ್ಲಿನ ಯುವ ಎಂಜಿನಿಯರುಗಳಿಗೆ ಬೇರೆ ಸಿಗಲಾರದು.

ರಿವರ್ಬಿನ ಉದ್ದವನ್ನು ಲಯ ನೋಡಿ ಗೊತ್ತುಮಾಡಬೇಕು. ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಒಂದು ಮಾತ್ರೆಗೆ ಅರ್ಧ ಸೆಕೆಂಡು. ಎರಡೂವರೆ ಸೆಕೆಂಡಿನ ರಿವರ್ಬ್ ಹಾಕಿದರೆ ಒಂದು ಬೋಲಿನ ನೆರಳು ಮುಂದಿನ ಐದು ಮಾತ್ರೆಗಳ ಮೇಲೆ ಬೀಳುತ್ತದೆ, ದ್ರುತ್‌ನ ತಾನು ಕಲಸಿಹೋಗುತ್ತದೆ. ಆಲಾಪಕ್ಕೆ ಅದೇ ಉದ್ದ ಹಿತ. ಒಂದೇ ಹಾಡಿನಲ್ಲಿ ಎರಡೂ ಇದ್ದರೆ ಲಯ ಏರಿದಂತೆ ರಿವರ್ಬನ್ನು ತಗ್ಗಿಸುತ್ತ ಹೋಗಬೇಕು.

ಇಷ್ಟೆಲ್ಲ ಮಾಡುವಾಗ ಕಿವಿಯನ್ನು ವಂಚಿಸುವ ಸಂಗತಿಗಳು ಕೆಲವಿವೆ. ತುಸು ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಕಿವಿಗೆ ತೋರುತ್ತದೆ. ಅನೇಕ ಪ್ಲಗ್‌ಇನ್‌ಗಳು ಹಾಕಿದ ಕೂಡಲೇ ದನಿಯನ್ನು ಒಂದೆರಡು ಡೆಸಿಬೆಲ್ ಏರಿಸುವುದರಿಂದ ಕೇಳುವವರು ಸುಧಾರಿಸಿತು ಎಂದುಕೊಳ್ಳುತ್ತಾರೆ. ಔಟ್‌ಪುಟ್ ಇಳಿಸಿ ಮೊದಲಿನ ಮಟ್ಟಕ್ಕೇ ತಂದು, ಪ್ಲಗ್‌ಇನ್ ಇಟ್ಟು ತೆಗೆದು ಹೋಲಿಸಿದಾಗಷ್ಟೇ ನಿಜ ತಿಳಿಯುವುದು. ಕೋಣೆಯದೂ ಒಂದು ಪಾತ್ರವಿದೆ. ಹತ್ತು ಅಡಿ ಅಗಲದ ಕಾಂಕ್ರೀಟು ಕೋಣೆಯಲ್ಲಿ 56 ಹರ್ಟ್ಸ್ ಆಚೀಚೆ, ಹನ್ನೆರಡು ಅಡಿಯ ಉದ್ದದಲ್ಲಿ 47ರ ಆಚೀಚೆ ಧ್ವನಿ ಗೋಡೆಗಳ ನಡುವೆ ನಿಂತುಬಿಡುತ್ತದೆ. ಕೂತ ಜಾಗಕ್ಕೆ ತಕ್ಕಂತೆ ಡಗ್ಗಾ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಮಾಯವಾಗಿ ಕೇಳಿಸುತ್ತದೆ. ಮೂಲೆಗಳಿಗೆ ದಪ್ಪ ಹಾಸಿಗೆ, ಹತ್ತಿಯ ಗಾದಿ ಒರಗಿಸಿ, ಹೆಡ್‌ಫೋನಿನಲ್ಲೂ ಕೇಳಿ ತಾಳೆ ನೋಡುವುದು ಪ್ಲಗ್‌ಇನ್ ಕೊಳ್ಳುವುದಕ್ಕಿಂತ ಮುಂಚಿನ ಕೆಲಸ.

ಕೇಳುವವರ ಕಡೆಯನ್ನೂ ನೋಡಬೇಕು. ಮೊಬೈಲಿನ ಸಣ್ಣ ಸ್ಪೀಕರು ಡಗ್ಗಾದ ಮೂಲಸ್ವರವನ್ನು ನುಡಿಸುವುದೇ ಇಲ್ಲ. ಸ್ಯಾಚುರೇಷನ್ ಪ್ಲಗ್‌ಇನ್ ಡಗ್ಗಾಕ್ಕೆ ಮೇಲಿನ ಉಪಸ್ವರಗಳನ್ನು ಸೇರಿಸುತ್ತದೆ. ಅವನ್ನು ಕೇಳಿದ ಕಿವಿ ಇಲ್ಲದ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಜಾತ್ರೆಯ ಮೈಕ್ ಸೆಟ್ಟಿನದು ಬೇರೊಂದು ತೊಂದರೆ. ಅಲ್ಲಿ ಎಡ–ಬಲ ಸೇರಿ ಒಂದೇ ಚಾನೆಲ್ ಆಗುತ್ತದೆ. ಸೋಬಾನೆಯ ಸೊಲ್ಲು ಹಿಡಿಯುವ ಹೆಂಗಸರ ದನಿಯನ್ನು ಅಗಲಗೊಳಿಸಲು ಸ್ಟೀರಿಯೋ ವೈಡನರ್ ಹಾಕಿದ್ದರೆ, ಕೆಲವು ವೈಡನರುಗಳು ಒಂದು ಕಡೆಯ ತರಂಗವನ್ನು ತಿರುವುಮುರುವು ಮಾಡುವುದರಿಂದ, ಎರಡೂ ಸೇರಿದಾಗ ಸೊಲ್ಲೇ ಬಡಕಲಾಗುತ್ತದೆ, ಕೆಲವೊಮ್ಮೆ ಕೇಳಿಸದಂತೆ ಅಡಗಿಬಿಡುತ್ತದೆ. ಹೆಡ್‌ಫೋನಿನಲ್ಲಿ ಭವ್ಯವಾಗಿದ್ದ ಹಾಡು ಊರ ಅಗಸಿಯ ಮುಂದೆ ಸೊರಗುವುದು ಹೀಗೆ. ಮಿಕ್ಸ್ ಮುಗಿದ ಮೇಲೆ ಮಾನೋ ಗುಂಡಿ ಒತ್ತಿ ಒಮ್ಮೆ ಪೂರ್ತಿ ಕೇಳುವುದನ್ನು ಬಿಡಬಾರದು.

ಮಾಸ್ಟರಿಂಗಿನಲ್ಲಿ ಪ್ಲಗ್‌ಇನ್‌ಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಇಕ್ಯೂ, ದನಿ ಗಡಿ ದಾಟದಂತೆ ತಡೆಯುವ ಒಂದು ಲಿಮಿಟರ್, ಒಂದು ಲೌಡ್‌ನೆಸ್ ಮೀಟರ್ ಸಾಕು. ಹಾಡುಗಳನ್ನು ಪೈಪೋಟಿಯಿಂದ ಜೋರು ಮಾಡುವ ಅಭ್ಯಾಸ ಸಿಡಿ ಕಾಲದಿಂದ ಬಂದದ್ದು. ಈಗ ಅದರಿಂದ ಲಾಭವಿಲ್ಲ. ಸ್ಪಾಟಿಫೈ ತಾನಾಗಿಯೇ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕೇಳಿಸುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ, ಯೂಟ್ಯೂಬ್ ಕೂಡ ಹೆಚ್ಚುಕಡಿಮೆ ಆ ಮಟ್ಟಕ್ಕಿಂತ ಜೋರಿನದನ್ನು ಇಳಿಸುತ್ತದೆ. ಮೈನಸ್ 7ರ ತನಕ ಹಿಂಡಿದ ಹಾಡು ಅಲ್ಲಿ ಇಳಿದು ಉಳಿದವುಗಳ ಸಮಕ್ಕೆ ಬರುತ್ತದೆ; ಹಿಂಡಿದ್ದರಿಂದ ಸತ್ತ ಏರಿಳಿತ ಮಾತ್ರ ಮರಳಿ ಬರುವುದಿಲ್ಲ. ಜಾನಪದ, ಭಾವಗೀತೆಗಳಿಗೆ ಮೈನಸ್ 14ರ ಸುತ್ತ, ಖ್ಯಾಲಿಗೆ ಮೈನಸ್ 18ರ ತನಕ ಇಳಿದರೂ ಚಿಂತೆಯಿಲ್ಲ. ಲಿಮಿಟರಿನ ಟ್ರೂ ಪೀಕ್ ಗಡಿ ಮೈನಸ್ 1 ಡೆಸಿಬೆಲ್ ಇರಲಿ, ಎಂಪಿ3, ಎಎಸಿ ಆಗಿ ಕುಗ್ಗಿಸುವಾಗ ತರಂಗದ ತುದಿಗಳು ಸ್ವಲ್ಪ ಮೇಲೇರುತ್ತವೆ. 24 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ ಕಟ್ಟಕಡೆಗೆ ಡಿದರ್, ಅಂದರೆ ಬೇಕೆಂದೇ ಸೇರಿಸುವ ಅತಿ ಸಣ್ಣ ಗದ್ದಲ, ಹಾಕಬೇಕು.

ದುಬಾರಿ ಪ್ಲಗ್‌ಇನ್ ಇಲ್ಲವೆಂದು ಕದ್ದ ಪ್ರತಿಗಳನ್ನು ಹಾಕಿಕೊಳ್ಳುವ ಅಗತ್ಯ ಈಗ ಇಲ್ಲ. ಅವುಗಳ ಜೊತೆ ವೈರಸ್ಸೂ ಬರಬಹುದು. ರೀಪರ್ ಜೊತೆಗೇ ಇಕ್ಯೂ, ಕಂಪ್ರೆಸರ್, ರಿವರ್ಬ್ ಬರುತ್ತವೆ. ಟೋಕಿಯೋ ಡಾನ್ ಅವರ ನೋವಾ, ವಾಕ್ಸೆಂಗೊ ಸ್ಪ್ಯಾನ್, ಯೂಲಿಯನ್ ಲೌಡ್‌ನೆಸ್ ಮೀಟರ್ ಉಚಿತವಾಗಿ ಸಿಗುತ್ತವೆ. ಒಂದು ಖ್ಯಾಲನ್ನೋ ಒಂದು ಗೀಗೀ ಪದವನ್ನೋ ನೀಟಾಗಿ ಮುಗಿಸಲು ಇಷ್ಟು ಧಾರಾಳವಾಯಿತು.

ಕೊನೆಯದು ಕಾಪಿಡುವ ಮಾತು, ಹೆಚ್ಚಿನವರು ಮರೆಯುವುದೂ ಅದನ್ನೇ. ಪ್ಲಗ್‌ಇನ್‌ಗಳಿಗೆ ಆಯುಸ್ಸು ಕಡಿಮೆ. 2018ರಲ್ಲಿ ಸ್ಟೈನ್‌ಬರ್ಗ್ ಹಳೆಯ ವಿಎಸ್‌ಟಿ2 ಮಾದರಿಯ ಕಿಟ್ ಕೊಡುವುದನ್ನು ನಿಲ್ಲಿಸಿತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಆಪಲ್ ಕಂಪ್ಯೂಟರುಗಳಲ್ಲಿ 32 ಬಿಟ್‌ನ ಪ್ರೋಗ್ರಾಂಗಳು ನಡೆಯುವುದಿಲ್ಲ. ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ಫೈಲು ಇಂದು ತೆರೆದರೂ ಒಳಗಿನ ಪ್ಲಗ್‌ಇನ್ ಸಿಗದೆ ಹೋಗಬಹುದು. ಹೀಗಾಗಿ ಬೀಸುಕಲ್ಲಿನ ಪದ ಬಲ್ಲ ಅಜ್ಜಿಯರು, ಚೌಡಿಕೆಯ ಹಾಡುಗಾರರು, ಭಜನೆಯ ಹಿರಿಯರು ಮೈಕಿನ ಮುಂದೆ ಕೂತಾಗ ಅಮರಗೋಳದ, ಹುಬ್ಬಳ್ಳಿಯ, ಧಾರವಾಡದ ಸ್ಟುಡಿಯೋದವರು ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಯಾವ ಪ್ಲಗ್‌ಇನ್ನೂ ಹಾಕದ ಮೂಲ ಟ್ರ್ಯಾಕುಗಳನ್ನು 24 ಬಿಟ್‌ನ ವೇವ್ ಫೈಲುಗಳಾಗಿ, ಹಾಡಿದವರ ಹೆಸರು, ಊರು, ಶ್ರುತಿ, ತಾರೀಖು ಬರೆದು, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಬೇಕು. ಹಾಡಿದವರಿಗೂ ಒಂದು ಪ್ರತಿ ಕೊಡಬೇಕು.